ಡಿಸ್ನಿ ಪಾರ್ಕಿನ ಬಾಣಬಿರುಸು ತೆಗೆಯಲು ಟ್ರೈಪಾಡ್ ಒಯ್ಯಬೇಕೇ? ಮೈಸೂರಿನಲ್ಲಿ ಅಭ್ಯಾಸ ಎಲ್ಲಿ?

ಕುವೆಂಪುನಗರದಾಕೆ
ಜೂನ್ ಕೊನೆಯ ವಾರ ಮಕ್ಕಳೊಂದಿಗೆ ಅಮೆರಿಕದಲ್ಲಿರುವ ತಮ್ಮನ ಮನೆಗೆ ಹೊರಟಿದ್ದೇವೆ. ಅಲ್ಲಿಂದ ಫ್ಲಾರಿಡಾದ ಆರ್ಲ್ಯಾಂಡೊಗೆ, ವಾಲ್ಟ್ ಡಿಸ್ನಿ ವರ್ಲ್ಡ್ ನೋಡಲು. ಮಕ್ಕಳಿಗೆ ರೈಡುಗಳ ಧ್ಯಾನ. ನನಗೆ ರಾತ್ರಿ ಮ್ಯಾಜಿಕ್ ಕಿಂಗ್‌ಡಂ ಕೋಟೆಯ ಮೇಲೆ ಹಾರುವ ಬಾಣಬಿರುಸಿನ ಧ್ಯಾನ. ಕೈಯಲ್ಲಿರುವುದು ಹಳೆಯ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬಂದ 18-55 ಲೆನ್ಸ್. ಅರಮನೆಯ ದೀಪಾಲಂಕಾರವನ್ನು ಅದರಲ್ಲಿ ತೆಗೆದರೆ ದೀಪಗಳೆಲ್ಲ ಬೆಳ್ಳಗೆ ಉಕ್ಕಿ ಬರುತ್ತವೆ, ಆಕಾಶ ಕಪ್ಪು ಹಲಗೆಯಾಗುತ್ತದೆ.

ಟ್ರೈಪಾಡ್ ಒಳಗೆ ಬಿಡುತ್ತಾರೆಯೇ? ನಮ್ಮ ಯಜಮಾನರು "ಮೊಬೈಲ್ ಸಾಕು, ಆ ಮೂರು ಕಾಲಿನ ಕಬ್ಬಿಣವನ್ನು ಯಾರು ಹೊರುವುದು" ಎನ್ನುತ್ತಿದ್ದಾರೆ. ಇನ್ನೊಂದು: ಹೊರಡುವ ಮುನ್ನ ಮೈಸೂರಿನಲ್ಲಿ ಎಲ್ಲಿ ಅಭ್ಯಾಸ ಮಾಡಲಿ? ದಸರೆ ದೂರವಿದೆ, ದೀಪಾವಳಿ ಇನ್ನೂ ದೂರ.

ಜೇಬಿನ ಕ್ಯಾಮೆರಾ
ಯಜಮಾನರ ಮಾತು ಕೇಳಿ ಮೇಡಂ. ಈಗಿನ ಮೊಬೈಲ್‌ಗಳಲ್ಲಿ ನೈಟ್ ಮೋಡ್ ಇದೆ, ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ.

ಬಲ್ಬ್ ಮೋಡ್
ನೈಟ್ ಮೋಡ್ ನಿಂತಿರುವ ಕಟ್ಟಡಕ್ಕೆ ಸರಿ, ಬಾಣಬಿರುಸಿಗಲ್ಲ. ಕತ್ತಲೆ ಕಂಡ ಕೂಡಲೇ ಅದು ಸಾಲಾಗಿ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಹೊಂದಿಸುತ್ತದೆ. ಅಷ್ಟರಲ್ಲಿ ಮದ್ದು ಸಿಡಿದು ಚದುರಿರುತ್ತದೆ, ಹೊಂದಿಸಲು ಏನೂ ಉಳಿದಿರುವುದಿಲ್ಲ. ಸಿಗುವುದು ಬಿಳಿ ಮಚ್ಚೆ. ಮೊಬೈಲ್ ಬಳಸುವುದೇ ಆದರೆ ನೈಟ್ ಮೋಡ್ ಆಫ್ ಮಾಡಿ, ಪರದೆಯ ಮೇಲೆ ಬೆರಳೊತ್ತಿ ಫೋಕಸ್ ಕಟ್ಟಿಹಾಕಿ, ಬೆಳಕಿನ ಗೀಟನ್ನು ಕೆಳಗೆಳೆದುಕೊಳ್ಳಿ. ಎಲ್ಲವನ್ನೂ ಕೈಯಾರೆ ಹೊಂದಿಸುವ ಪ್ರೊ ಮೋಡ್ ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಡಿಎಸ್‌ಎಲ್‌ಆರ್ ವಿಷಯ. ಹೆಚ್ಚಿನವರು ತಡವರಿಸುವುದು ಇಲ್ಲಿಯೇ. ಸಿಡಿಯುವ ನಕ್ಷತ್ರ ಚಿತ್ರದಲ್ಲಿ ಎಷ್ಟು ಪ್ರಕಾಶವಾಗಿ ಬರಬೇಕು ಎಂಬುದನ್ನು ತೀರ್ಮಾನಿಸುವುದು ಅಪರ್ಚರ್ (ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಎಂಬುದು; ಎಫ್ ಸಂಖ್ಯೆ ದೊಡ್ಡದಾದಷ್ಟೂ ಬಾಯಿ ಕಿರಿದು) ಮತ್ತು ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಅಳತೆಯಾದ ಐಎಸ್‌ಒ. ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬ ಶಟರ್ ವೇಗ ಅಲ್ಲ. ಕಿಡಿ ಓಡುತ್ತಿರುತ್ತದೆ, ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಶಟರ್ ಎಷ್ಟು ಹೊತ್ತು ತೆರೆದರೂ ಅದರ ಗೆರೆ ಉದ್ದವಾಗುತ್ತದೆಯೇ ಹೊರತು ದಪ್ಪ ಬೆಳ್ಳಗಾಗುವುದಿಲ್ಲ. ಆದ್ದರಿಂದ ಐಎಸ್‌ಒ 100, ಎಫ್ 8 ಅಥವಾ ಎಫ್ 11 ಕಟ್ಟಿಬಿಡಿ. ಶಟರ್ ಎರಡರಿಂದ ನಾಲ್ಕು ಸೆಕೆಂಡ್. ಹೆಚ್ಚು ಹೊತ್ತು ತೆರೆದಷ್ಟೂ ಹೆಚ್ಚು ಸಿಡಿತಗಳು ಒಂದೇ ಚಿತ್ರದಲ್ಲಿ ಸೇರುತ್ತವೆ, ಹಿನ್ನೆಲೆಯ ಕಟ್ಟಡವೂ ಬೆಳಗುತ್ತದೆ. ಫೋಕಸನ್ನು ಮೊದಲೇ ಕೋಟೆಯ ಮೇಲೆ ಹಿಡಿದು ಮ್ಯಾನುಯಲ್‌ಗೆ ಹಾಕಿ, ಮತ್ತೆ ಮುಟ್ಟಬೇಡಿ. ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೊ ಬೇಡ.

"ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್" ಎಂಬುದು ಮೆನುವಿನಲ್ಲಿದ್ದರೆ ಆಫ್ ಮಾಡಿ. ಅದು ಆನ್ ಇದ್ದರೆ ನಾಲ್ಕು ಸೆಕೆಂಡಿನ ಚಿತ್ರದ ನಂತರ ಇನ್ನೂ ನಾಲ್ಕು ಸೆಕೆಂಡ್ ಕ್ಯಾಮೆರಾ ಸುಮ್ಮನಿರುತ್ತದೆ. ಒಳ್ಳೆಯ ಸಿಡಿತ ಆಗಲೇ ಆಗುವುದು.

ಟ್ಯಾಂಪಾ ಮೈಸೂರಿಗ
ನಾನಿರುವುದು ಆರ್ಲ್ಯಾಂಡೊ ಪಕ್ಕದ ಊರಿನಲ್ಲಿ, ಬರುವ ನೆಂಟರನ್ನೆಲ್ಲ ಡಿಸ್ನಿಗೆ ಕರೆದೊಯ್ಯುವುದೇ ಕೆಲಸ. ನಿಯಮ ಹೀಗಿದೆ: ಮಡಚಿದಾಗ ಸಾಧಾರಣ ಬೆನ್ನುಚೀಲದೊಳಗೆ ಹಿಡಿಯಬೇಕು, ಬಿಚ್ಚಿದಾಗ ಆರು ಅಡಿ ದಾಟಬಾರದು. ಅಂಥ ಟ್ರೈಪಾಡ್ ಬಿಡುತ್ತಾರೆ. ಸೆಲ್ಫಿ ಕೋಲನ್ನು 2015ರಿಂದ ಬಿಡುವುದಿಲ್ಲ. ಆದರೆ ಒಳಗೆ ಬಿಟ್ಟ ಮಾತ್ರಕ್ಕೆ ಎಲ್ಲೆಂದರಲ್ಲಿ ನಿಲ್ಲಿಸಬಹುದು ಎಂದುಕೊಳ್ಳಬೇಡಿ. ಕೋಟೆಯ ಮುಂದಿನ ಮುಖ್ಯ ರಸ್ತೆಯಲ್ಲಿ ಜನ ಹೆಗಲಿಗೆ ಹೆಗಲು ತಾಗಿಸಿ ನಿಂತಿರುತ್ತಾರೆ, ಸಿಬ್ಬಂದಿ ಬಂದು ಕಾಲು ಮಡಚಿ ಎನ್ನುತ್ತಾರೆ.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಸುಮಾರು 18 ನಿಮಿಷದ ಆ ಪ್ರದರ್ಶನದಲ್ಲಿ ಬಾಣಬಿರುಸು ಅರ್ಧ ಪಾಲು, ಕೋಟೆಯ ಗೋಡೆಯ ಮೇಲೆ ಪ್ರೊಜೆಕ್ಟರ್‌ನಿಂದ ಬೀಳುವ ಚಿತ್ರಗಳು ಇನ್ನರ್ಧ. ಬಲ್ಬ್ ಮೋಡ್ ಅವರು ಹೇಳಿದ ನಾಲ್ಕು ಸೆಕೆಂಡ್ ಇಟ್ಟರೆ ಆಕಾಶ ಚೆನ್ನಾಗಿ ಬರುತ್ತದೆ, ಗೋಡೆಯ ಮೇಲಿನ ಚಿತ್ರಗಳು ಒಂದರೊಳಗೊಂದು ಕಲಸಿ ಬಣ್ಣದ ಕೆಸರಾಗುತ್ತವೆ. ಗೋಡೆ ಬೇಕೆಂದರೆ ಕಾಲು ಸೆಕೆಂಡಿಗೆ ಇಳಿಯಬೇಕು, ಐಎಸ್‌ಒ ಏರಿಸಬೇಕು. ಎರಡೂ ಒಂದೇ ಚಿತ್ರದಲ್ಲಿ ಬೇಕು ಎಂದು ಹಟ ಹಿಡಿಯಬೇಡಿ. ಹಾಡು ಮೆಲ್ಲಗಿರುವಾಗ ಗೋಡೆ, ಜೋರಾದಾಗ ಆಕಾಶ.

ಬಲ್ಬ್ ಮೋಡ್
ಒಪ್ಪಿದೆ. ಪ್ರೊಜೆಕ್ಷನ್ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಸರಸ್ವತಿಪುರಂ ನಿವೃತ್ತ
ಅಲ್ಲಿ ಹೊಗೆಯ ಕಾಟವೇ ಇಲ್ಲವಂತೆ. ಮದ್ದಿನ ಬದಲು ಗಾಳಿಯ ಒತ್ತಡದಿಂದ ಮೇಲಕ್ಕೆ ಹಾರಿಸುತ್ತಾರೆ ಎಂದು ಓದಿದ್ದೇನೆ. ನಮ್ಮಲ್ಲಿ ದೀಪಾವಳಿ ರಾತ್ರಿ ಬೀದಿ ದೀಪವೇ ಕಾಣುವುದಿಲ್ಲ.

ಟ್ಯಾಂಪಾ ಮೈಸೂರಿಗ
ಸರ್, ಅದು ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್, 1955ರಲ್ಲಿ ತೆರೆದ ಮೊದಲನೆಯದು. ಅಲ್ಲಿ 2004ರಲ್ಲಿ ಗಾಳಿಯಿಂದ ಹಾರಿಸುವ ವ್ಯವಸ್ಥೆ ತಂದರು. ಇವರು ಹೋಗುತ್ತಿರುವುದು 1971ರಲ್ಲಿ ತೆರೆದ ಫ್ಲಾರಿಡಾದ್ದಕ್ಕೆ. ಗಾಳಿಯಿಂದ ಹಾರಿಸಿದರೂ ನೆಲದ ಬಳಿಯ ಹೊಗೆ ಮಾತ್ರ ತಪ್ಪುತ್ತದೆ. ಮೇಲೆ ಸಿಡಿಯುವುದು ಮದ್ದೇ, ಆ ಹೊಗೆ ಎಲ್ಲಿಗೆ ಹೋಗುತ್ತದೆ?

ಬಲ್ಬ್ ಮೋಡ್
ಹೊಗೆಯ ಮಾತು ಬಂದಿದ್ದು ಒಳ್ಳೆಯದಾಯಿತು. ನಿಲ್ಲುವ ಜಾಗ ಆರಿಸುವಾಗ ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡಿ. ಬೆನ್ನಿಗೆ ಗಾಳಿ ಇದ್ದರೆ ಹೊಗೆ ಆಚೆಗೆ ಹೋಗುತ್ತದೆ. ಮುಖಕ್ಕೆ ಬೀಸುತ್ತಿದ್ದರೆ ಐದನೆಯ ನಿಮಿಷಕ್ಕೇ ಎಲ್ಲ ಮಬ್ಬು. ಆಕಾಶ ಚೊಕ್ಕವಾಗಿರುವುದು ಮೊದಲ ಕೆಲವು ಸಿಡಿತಗಳಿಗೆ. ಎಲ್ಲರೂ ಕೊನೆಯ ಅಬ್ಬರಕ್ಕೆ ಕಾಯುತ್ತಾರೆ. ಅಷ್ಟು ಹೊತ್ತಿಗೆ ಹೊಗೆ ತುಂಬಿ, ಒಂದರ ಮೇಲೊಂದು ಸಿಡಿದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಕೊನೆಗೆ ಅಪರ್ಚರನ್ನು ಎಫ್ 16ಕ್ಕೆ ಕಿರಿದಾಗಿಸಿ. ಅಥವಾ ಕ್ಯಾಮೆರಾ ಪಕ್ಕಕ್ಕಿಟ್ಟು ಕಣ್ಣಾರೆ ನೋಡಿ, ನಷ್ಟವೇನಿಲ್ಲ.

ಅರಮನೆ ಉತ್ತರ ದ್ವಾರ
ಅಭ್ಯಾಸ ಎಲ್ಲಿ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಮೇಡಂ, ದಸರೆಗೆ ಏಕೆ ಕಾಯುತ್ತೀರಿ? ಪ್ರತಿ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳಕ್ಕೆ ಅರಮನೆ ದೀಪ ಹತ್ತುತ್ತದೆ. ನಾನಂತೂ ಹೇಳುವುದು, ಚಿತ್ರ ತೆಗೆಯುವವನಿಗೆ ದಸರೆಗಿಂತ ಜೂನ್ ತಿಂಗಳ ಭಾನುವಾರವೇ ಮೇಲು.

ಕಾರಣ ಕೇಳಿ. ದಸರೆ ಬರುವ ಅಕ್ಟೋಬರ್‌ನಲ್ಲಿ ಮೈಸೂರಿನ ಸೂರ್ಯ ಆರು ಗಂಟೆ ದಾಟುತ್ತಿದ್ದಂತೆ ಮುಳುಗುತ್ತಾನೆ. ಏಳಕ್ಕೆ ದೀಪ ಹತ್ತುವಾಗ ಆಕಾಶ ಕಾಡಿಗೆ. ಜೂನ್ ಕೊನೆಗೆ ಸೂರ್ಯಾಸ್ತ ಏಳಕ್ಕೆ ಐದಾರು ನಿಮಿಷ ಇರುವಾಗ. ದೀಪ ಹತ್ತಿದಾಗ ಆಕಾಶ ಇನ್ನೂ ನೀಲಿ. ಅರಮನೆಯ ಮುಖ ಪೂರ್ವಕ್ಕೆ, ನೀವು ಮುಂದೆ ನಿಂತರೆ ಪಡುವಣದ ಕೆಂಪು ಗೋಪುರಗಳ ಹಿಂದೆಯೇ ಉಳಿದಿರುತ್ತದೆ. ಸುಮಾರು ಒಂದು ಲಕ್ಷ ಬಲ್ಬುಗಳ ಹಳದಿ, ಹಿಂದೆ ನೀಲಿ. ನೀವು ಹೇಳಿದ ಕಪ್ಪು ಹಲಗೆಗೆ ಮದ್ದು ಅದೇ. ಏಳೂಕಾಲು ದಾಟಿದರೆ ಆ ನೀಲಿ ಇಳಿಯತೊಡಗುತ್ತದೆ, ಮೊದಲ ಹತ್ತು ನಿಮಿಷ ಜಾಗ ಹುಡುಕುತ್ತಾ ಕಳೆಯಬೇಡಿ.

ಮಳೆ ಬಂದರೆ ಮನೆಯಲ್ಲಿ ಕೂರಬೇಡಿ. ಮಳೆ ನಿಂತ ಮೇಲೆ ಅರಮನೆ ಮುಂದಿನ ನೆಲದಲ್ಲಿ ಅಲ್ಲಲ್ಲಿ ನೀರು ನಿಂತಿರುತ್ತದೆ. ಕ್ಯಾಮೆರಾವನ್ನು ನೆಲಕ್ಕೆ ತಾಗುವಷ್ಟು ಇಳಿಸಿ ನೋಡಿ. ಅಂಗೈಯಗಲದ ನೀರಿನಲ್ಲಿ ನಡುವಿನ ಗೋಪುರ ಪೂರ್ತಿ ತಲೆಕೆಳಗಾಗಿ ನಿಲ್ಲುತ್ತದೆ.

ಕುವೆಂಪುನಗರದಾಕೆ
ಇಷ್ಟು ವರ್ಷ ಮೈಸೂರಿನಲ್ಲಿದ್ದೂ ಈ ಸೂರ್ಯಾಸ್ತದ ಲೆಕ್ಕ ಹೊಳೆದಿರಲಿಲ್ಲ. ಆದರೆ ದೀಪ ಬೆಳ್ಳಗಾಗುವುದಕ್ಕೆ ಏನು ಮಾಡಲಿ?

ಅರಮನೆ ಉತ್ತರ ದ್ವಾರ
ಐಎಸ್‌ಒ 100, ಎಫ್ 8, ಒಂದು ಸೆಕೆಂಡಿನಿಂದ ಶುರು ಮಾಡಿ. ಬಲ್ಬುಗಳು ಒಂದಕ್ಕೊಂದು ಅಂಟಿ ಬೆಳ್ಳನೆಯ ಪಟ್ಟಿಯಾಗಿ ಕಂಡರೆ ಅರ್ಧಕ್ಕೆ ಇಳಿಸಿ, ಮತ್ತೆ ಅರ್ಧಕ್ಕೆ ಇಳಿಸಿ. ಒಂದೊಂದು ಬಲ್ಬೂ ಬಿಡಿಯಾಗಿ ಎಣಿಸುವಂತಾದಾಗ ನಿಲ್ಲಿಸಿ. ನೆರಳಿನ ಭಾಗ ಕಪ್ಪೆನಿಸಿದರೆ ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಕಡತ) ಮೇಲೆತ್ತಬಹುದು, ಸುಟ್ಟುಹೋದ ಬಿಳಿಯನ್ನು ಯಾರೂ ಇಳಿಸಲಾರರು.

ಮಂಡ್ಯದ ಕಬ್ಬು
ಅರಮನೆ ಅರಮನೆ ಎಂದು ಎಷ್ಟು ಹೇಳುತ್ತೀರಿ ಸ್ವಾಮಿ. ಥೀಮ್ ಪಾರ್ಕಿನ ರಾತ್ರಿಗೆ ಹತ್ತಿರದ್ದೆಂದರೆ ನಮ್ಮ ಬೃಂದಾವನ. ಬಣ್ಣದ ದೀಪ, ಹಾರುವ ನೀರು, ಸಂಗೀತ ಕಾರಂಜಿ, ಓಡಾಡುವ ಜನ. ನೀರಿನ ಮೇಲೆ ಬೆಳಕು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಶಟರ್ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. 1/125 ಸೆಕೆಂಡಿಗೆ ಹನಿಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಅರ್ಧ ಸೆಕೆಂಡಿಗೆ ರೇಷ್ಮೆಯಂತೆ ಹರಿಯುತ್ತವೆ. ಕ್ಯಾಮೆರಾಗೆ ಬೇರೆ ಚೀಟಿ ತೆಗೆದುಕೊಳ್ಳಬೇಕಾಗಬಹುದು, ಬಾಗಿಲಲ್ಲೇ ಕೇಳಿಬಿಡಿ. ಅಣೆಕಟ್ಟೆಯ ಕಡೆಗೆ ಮಾತ್ರ ಟ್ರೈಪಾಡ್ ತಿರುಗಿಸಿಕೊಂಡು ನಿಲ್ಲಬೇಡಿ, ಭದ್ರತೆಯವರು ಬರುತ್ತಾರೆ.

ಸರಸ್ವತಿಪುರಂ ನಿವೃತ್ತ
"ನಮ್ಮ" ಬೃಂದಾವನವೇ? ಊರಿಗೆ ಬಂದವರೆಲ್ಲ ಮೈಸೂರು ನೋಡಲು ಬಂದು ಬೃಂದಾವನಕ್ಕೆ ಹೋಗುತ್ತಾರೆ. ಕಟ್ಟಿಸಿದ್ದು ಮೈಸೂರಿನ ದಿವಾನರು, ಸರ್ ಮಿರ್ಜಾ ಇಸ್ಮಾಯಿಲ್.

ಮಂಡ್ಯದ ಕಬ್ಬು
ಮಂಡ್ಯ ಜಿಲ್ಲೆ, ಶ್ರೀರಂಗಪಟ್ಟಣ ತಾಲ್ಲೂಕು. ಪಹಣಿ ತೆಗೆಸಿ ನೋಡಿ. ದಿವಾನರು ಇಡೀ ಸಂಸ್ಥಾನಕ್ಕೆ ದಿವಾನರು, ಸರಸ್ವತಿಪುರಕ್ಕಲ್ಲ.

ಸರಸ್ವತಿಪುರಂ ನಿವೃತ್ತ
ಪಹಣಿ ನಿಮ್ಮಲ್ಲಿರಲಿ, ಜನ ಇಳಿಯುವ ಬಸ್ ನಿಲ್ದಾಣ ನಮ್ಮಲ್ಲಿದೆ.

ಜೇಬಿನ ಕ್ಯಾಮೆರಾ
ಈ ಜಗಳ ಪ್ರತಿ ಚರ್ಚೆಯಲ್ಲೂ ಬರುತ್ತದೆ. ಮೇಡಂ ವಿಮಾನ ಹತ್ತುವುದರೊಳಗೆ ಮುಗಿಸಿ.

ಅಂದಹಾಗೆ ಮೊಬೈಲಿನ ಪರವಾಗಿ ಇನ್ನೊಂದು ಮಾತು. ಐಫೋನ್‌ನಲ್ಲಿ ಲೈವ್ ಫೋಟೊ ಹಾಕಿ ತೆಗೆದರೆ ಒತ್ತುವ ಮುಂಚಿನ ಒಂದೂವರೆ ಸೆಕೆಂಡ್, ಒತ್ತಿದ ನಂತರದ ಒಂದೂವರೆ ಸೆಕೆಂಡ್ ಎರಡೂ ದಾಖಲಾಗುತ್ತವೆ. ಆಮೇಲೆ ಅದನ್ನೇ ಲಾಂಗ್ ಎಕ್ಸ್‌ಪೋಷರ್ ಆಗಿ ಬದಲಿಸಬಹುದು. ಗೋಡೆಗೆ ಒರಗಿ ಉಸಿರು ಬಿಗಿಹಿಡಿದರೆ ಕಿಡಿಗಳ ಗೆರೆ ಚೆನ್ನಾಗಿಯೇ ಬರುತ್ತದೆ. ಟ್ರೈಪಾಡ್ ಭಕ್ತರು ಬೈಯಬೇಡಿ.

ಬಲ್ಬ್ ಮೋಡ್
ಬೈಯುವುದಿಲ್ಲ. ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕುವಾಗ ನೆನಪಿಸಿಕೊಳ್ಳಿ, ಅಷ್ಟೆ.

ಮೇಲುಕೋಟೆ ಪುಳಿಯೋಗರೆ
ಟ್ರೈಪಾಡ್ ನಿಲ್ಲಿಸಲಾಗದ ಕಡೆ ನಾನು ಮಾಡುವ ಉಪಾಯ: ಗಟ್ಟಿ ಬಟ್ಟೆಯ ಚಿಕ್ಕ ಚೀಲದಲ್ಲಿ ಅಕ್ಕಿ ತುಂಬಿ ಬಾಯಿ ಹೊಲಿಯುವುದು. ಕಂಬಿಯ ಮೇಲೋ ಕಟ್ಟೆಯ ಮೇಲೋ ಇಟ್ಟು ಲೆನ್ಸ್ ಒತ್ತಿ ಕೂರಿಸಿದರೆ ಎರಡು ಸೆಕೆಂಡ್ ಅಲುಗಾಡುವುದಿಲ್ಲ. ವೈರಮುಡಿ ರಾತ್ರಿ ಆ ನೂಕುನುಗ್ಗಲಿನಲ್ಲಿ ಟ್ರೈಪಾಡ್ ಕನಸಿನ ಮಾತು. ಪಂಜಿನ ಬೆಳಕಿನಲ್ಲಿ ಉತ್ಸವ ಬರುವುದನ್ನು ಜಗಲಿ ಕಂಬಕ್ಕೆ ಈ ಚೀಲ ಒತ್ತಿಹಿಡಿದೇ ತೆಗೆಯುವುದು. ಬಟನ್ ಒತ್ತಬೇಡಿ, ಎರಡು ಸೆಕೆಂಡಿನ ಟೈಮರ್ ಹಾಕಿ.

ಟ್ಯಾಂಪಾ ಮೈಸೂರಿಗ
ಉಪಾಯ ಚೆನ್ನಾಗಿದೆ, ಅಕ್ಕಿಯನ್ನು ಮಾತ್ರ ಅಲ್ಲಿಂದ ತರಬೇಡಿ ಮೇಡಂ! ಭಾರತದಿಂದ ಬರುವ ಪ್ರಯಾಣಿಕರ ಸಾಮಾನಿನಲ್ಲಿ ಅಕ್ಕಿ ಕಂಡರೆ ಅಮೆರಿಕದ ಕಸ್ಟಮ್ಸ್‌ನವರು ಬಿಡುವುದಿಲ್ಲ, ಧಾನ್ಯದ ಹುಳುವಿನ ಭಯ. ಖಾಲಿ ಚೀಲ ತನ್ನಿ, ಅಕ್ಕಿ ತಮ್ಮನ ಮನೆಯಲ್ಲಿ ತುಂಬಿಕೊಳ್ಳಿ. ಕ್ಯಾಮೆರಾದ ಹೆಚ್ಚುವರಿ ಬ್ಯಾಟರಿಗಳು ಕೈಚೀಲದಲ್ಲೇ ಇರಲಿ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಬಿಡಿ ಲಿಥಿಯಂ ಬ್ಯಾಟರಿ ಇಡುವಂತಿಲ್ಲ.

ನಾಯಿ ಸಾಕಿದವಳು
ಇಷ್ಟೊಂದು ಸಂಭ್ರಮದ ನಡುವೆ ಒಂದು ಕಹಿ ಮಾತು. ಬಾಣಬಿರುಸು ನೋಡಲು ಚೆಂದ, ಆ ರಾತ್ರಿ ನನ್ನ ನಾಯಿ ಮಂಚದ ಕೆಳಗಿನಿಂದ ಹೊರಗೆ ಬರುವುದಿಲ್ಲ. ಬೀದಿ ನಾಯಿಗಳ ಪಾಡು ಕೇಳುವವರಿಲ್ಲ. ಡ್ರೋನ್‌ಗಳಿಂದಲೇ ಬೆಳಕಿನ ಆಟ ಆಡಿಸಬಹುದಲ್ಲ? 2024ರ ದಸರೆಯಲ್ಲಿ ಬನ್ನಿಮಂಟಪದಲ್ಲಿ 1,500 ಡ್ರೋನ್ ಹಾರಿಸಿದರು, ಒಂದು ನಾಯಿಯೂ ಬೊಗಳಲಿಲ್ಲ.

ಸರಸ್ವತಿಪುರಂ ನಿವೃತ್ತ
ನಾಯಿ ಹಾಗಿರಲಿ, ಆನೆಗಳನ್ನು ನೋಡಿ ಕಲಿಯಬೇಕು. ಜಂಬೂಸವಾರಿಗೆ ಮುಂಚೆ ಗಜಪಡೆಗೂ ಕುದುರೆಗಳಿಗೂ ಫಿರಂಗಿ ಸಿಡಿಸಿ ತಾಲೀಮು ಕೊಡುತ್ತಾರೆ. 21 ಕುಶಾಲತೋಪು ಹಾರುವಾಗ ಅಂಬಾರಿ ಹೊತ್ತ ಆನೆ ಕಿವಿ ಅಲ್ಲಾಡಿಸಿಕೊಂಡು ನಿಂತಿರುತ್ತದೆ.

ನಾಯಿ ಸಾಕಿದವಳು
ತಾಲೀಮಿನ ಮೊದಲ ದಿನ ಹೋಗಿ ನೋಡಿ ಸರ್. ಹೊಸ ಆನೆಗಳು ಹೇಗೆ ಬೆದರುತ್ತವೆ ಎಂದು.

ಬಲ್ಬ್ ಮೋಡ್
ಡ್ರೋನ್ ಪ್ರದರ್ಶನ ತೆಗೆಯುವ ಲೆಕ್ಕ ಇದಕ್ಕೆ ತೀರಾ ಉಲ್ಟಾ ಎಂಬುದನ್ನೂ ಹೇಳಿಬಿಡುತ್ತೇನೆ. ಡ್ರೋನಿನ ದೀಪ ಮಂದ, ಆಕೃತಿ ಬದಲಾಗುತ್ತಲೇ ಇರುತ್ತದೆ. ಐಎಸ್‌ಒ 800 ದಾಟಿಸಿ, ಶಟರ್ ಕಾಲು ಸೆಕೆಂಡಿಗಿಂತ ಕಡಿಮೆ, ಆಕೃತಿ ಒಂದು ಕ್ಷಣ ನಿಂತಾಗ ಒತ್ತಬೇಕು. ಬಾಣಬಿರುಸಿನ ಅಳತೆ ಇಟ್ಟುಕೊಂಡು ತೆಗೆದರೆ ಹುಳು ಹರಿದ ಗುರುತು ಸಿಗುತ್ತದೆ.

ವಿಜಯದಶಮಿಯ ರಾತ್ರಿ ಪಂಜಿನ ಕವಾಯತಿಗೆ ಹೋಗುವವರಿಗೂ ಒಂದು ಮಾತು. ಅಂದು ಶುಕ್ಲ ದಶಮಿ, ಅರ್ಧ ಮೀರಿದ ಚಂದ್ರ ಸಂಜೆಯಿಂದಲೇ ಆಕಾಶದಲ್ಲಿರುತ್ತಾನೆ. ಚೌಕಟ್ಟಿನಲ್ಲಿ ಅವನು ಸೇರಿದರೆ ಸಿಡಿತದ ಪಕ್ಕದಲ್ಲಿ ಇನ್ನೊಂದು ಬಿಳಿ ಗುಂಡಾಗಿ ಕೂರುತ್ತಾನೆ. ಕ್ಯಾಮೆರಾ ಇಡುವ ಮೊದಲೇ ಎಲ್ಲಿದ್ದಾನೆ ನೋಡಿಕೊಳ್ಳಿ.

ಕುವೆಂಪುನಗರದಾಕೆ
ಆನೆ, ನಾಯಿ, ಚಂದ್ರ ಎಲ್ಲ ಬಂದವು. ಯಾರಾದರೂ ಇದನ್ನು ಹೇಳಿ: ಬಟನ್ ಯಾವಾಗ ಒತ್ತುವುದು? ಸಿಡಿದ ಮೇಲೆ ಒತ್ತಿದರೆ ತಡವಾಗುತ್ತದೆ, ಮುಂಚೆ ಒತ್ತಲು ಎಲ್ಲಿ ಸಿಡಿಯುತ್ತದೆಂದು ಗೊತ್ತಿರುವುದಿಲ್ಲ.

ಬಲ್ಬ್ ಮೋಡ್
ಕಿವಿಯನ್ನು ನಂಬಬೇಡಿ, ಕಣ್ಣನ್ನು ನಂಬಿ. ಶಬ್ದ ಸೆಕೆಂಡಿಗೆ 340 ಮೀಟರ್ ಆಸುಪಾಸು ಓಡುತ್ತದೆ. ದೂರ ನಿಂತಿದ್ದರೆ ನಿಮಗೆ "ಧಡ್" ಕೇಳುವಷ್ಟರಲ್ಲಿ ಅಲ್ಲಿ ಮುಗಿದಿರುತ್ತದೆ. ನೆಲದಿಂದ ತೆಳ್ಳನೆಯ ಕಿಡಿಬಾಲ ಮೇಲೇರುವುದು ಕಾಣುತ್ತದಲ್ಲ, ಆಗ ಶಟರ್ ತೆರೆಯಿರಿ. ಬಾಲ ಮಾಯವಾಗುತ್ತದೆ, ಅರೆಗಳಿಗೆ ಏನೂ ಇರುವುದಿಲ್ಲ, ಆಮೇಲೆ ಅರಳುತ್ತದೆ. ಕಿಡಿಗಳು ತುದಿಯಲ್ಲಿ ಬಾಗಿ ಇಳಿಯತೊಡಗಿದಾಗ ಮುಚ್ಚಿ. ಶಟರನ್ನು ಬಲ್ಬ್‌ಗೆ (ಬಟನ್ ಒತ್ತಿಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವ ಮೋಡ್) ಹಾಕಿ ವೈರಿನ ರಿಮೋಟ್ ಇಟ್ಟುಕೊಂಡರೆ ಇದು ಕೈಗೆ ಹತ್ತುತ್ತದೆ. ನನ್ನ ಹೆಸರು ಅಲ್ಲಿಂದಲೇ ಬಂದದ್ದು.

ಎಲ್ಲಿ ಸಿಡಿಯುತ್ತದೆ ಎಂಬುದಕ್ಕೆ: ಲೆನ್ಸನ್ನು 18ಕ್ಕೆ ಇಟ್ಟು, ಕ್ಯಾಮೆರಾ ಲಂಬವಾಗಿ ತಿರುಗಿಸಿ, ಕೋಟೆಯನ್ನು ಕೆಳಗಿನ ಮೂರನೆಯ ಒಂದು ಭಾಗಕ್ಕೆ ತಳ್ಳಿ. ಉಳಿದದ್ದೆಲ್ಲ ಆಕಾಶಕ್ಕೆ ಬಿಟ್ಟುಬಿಡಿ.

ಟ್ಯಾಂಪಾ ಮೈಸೂರಿಗ
ಕೋಟೆಯ ಬಗ್ಗೆ ಒಂದು ತಮಾಷೆ. ಅದರ ಎತ್ತರ 189 ಅಡಿ; ನಮ್ಮ ಅರಮನೆಯ ನಡುಗೋಪುರ 145 ಅಡಿ. ಅಂಥ ದೊಡ್ಡ ವ್ಯತ್ಯಾಸವೇನಲ್ಲ. ಆದರೆ ಮೇಲೆ ಹೋದಂತೆ ಕಲ್ಲು, ಕಿಟಕಿಗಳನ್ನು ಬೇಕೆಂದೇ ಚಿಕ್ಕದಾಗಿ ಮಾಡಿದ್ದಾರೆ, ಕೆಳಗೆ ನಿಂತವನಿಗೆ ಮುಗಿಲು ಮುಟ್ಟಿದಂತೆ ಕಾಣಲಿ ಎಂದು. ತೀರಾ ಹತ್ತಿರ ನಿಂತು ಅಗಲ ಲೆನ್ಸಿನಲ್ಲಿ ಕತ್ತೆತ್ತಿ ತೆಗೆದರೆ ಆ ಮೋಸ ಇಮ್ಮಡಿಯಾಗಿ ಕೋಟೆ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಮುಖ್ಯ ರಸ್ತೆಯ ನಡುಭಾಗಕ್ಕೆ ಸರಿಯಿರಿ.

ನನ್ನನ್ನು ಕೇಳಿದರೆ ಎರಡು ರಾತ್ರಿ ಇದ್ದಲ್ಲಿ ಒಂದು ರಾತ್ರಿ ಪಾರ್ಕಿನ ಒಳಗೆ ಕ್ಯಾಮೆರಾ ಇಲ್ಲದೆ ಮಕ್ಕಳೊಂದಿಗೆ ನೋಡಿ. ಇನ್ನೊಂದು ರಾತ್ರಿ ಹೊರಗಿನ ಸೆವೆನ್ ಸೀಸ್ ಲಗೂನ್ ದಡಕ್ಕೆ ಹೋಗಿ. ನೀರಿನಾಚೆ ಕೋಟೆ ಚಿಕ್ಕದಾಗಿ ಕಾಣುತ್ತದೆ, ಸಿಡಿತಗಳೆಲ್ಲ ನೀರಿನಲ್ಲಿ ಮರುಕಳಿಸುತ್ತವೆ, ಟ್ರೈಪಾಡ್ ಊರಲು ಜಾಗವೂ ಸಿಗುತ್ತದೆ. ಲೆನ್ಸನ್ನು ಆಗ 55ಕ್ಕೆ ಎಳೆದುಕೊಳ್ಳಿ.

ಜೂನ್ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟೂವರೆಯ ಹೊತ್ತಿಗೆ, ಪ್ರದರ್ಶನ ಒಂಬತ್ತರ ನಂತರ. ಚಿಕ್ಕ ಮಕ್ಕಳಿದ್ದರೆ ಮಧ್ಯಾಹ್ನ ಮಲಗಿಸಿ. ಮಧ್ಯಾಹ್ನ ಗುಡುಗು ಮಳೆ ಹೇಗೂ ಬರುತ್ತದೆ.

ಮೇಲುಕೋಟೆ ಪುಳಿಯೋಗರೆ
ಮಳೆ ಎಂದಾಗ ನೆನಪಾಯಿತು. ಏಸಿ ಕೋಣೆಯಿಂದ ಆ ಸೆಕೆಗೆ ಕ್ಯಾಮೆರಾ ತಂದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂರುತ್ತದೆ, ಒರೆಸಿದಷ್ಟೂ ಬರುತ್ತದೆ. ಜಿಪ್ ಚೀಲದಲ್ಲಿ ಮುಚ್ಚಿಟ್ಟು ಅರ್ಧ ಗಂಟೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ. ಮಂಗಳೂರಿಗೆ ಹೋದವರಿಗೆ ಇದು ಗೊತ್ತು, ಮೈಸೂರಿನವರಿಗೆ ಗೊತ್ತಿರುವುದಿಲ್ಲ.

ಬಲ್ಬ್ ಮೋಡ್
ವಿಡಿಯೊ ತೆಗೆಯುವುದಾದರೆ ಮೆನುವಿನಲ್ಲಿ 50 ಹರ್ಟ್ಸ್ ಎಂದಿರುವುದನ್ನು 60ಕ್ಕೆ ಬದಲಿಸಿಕೊಳ್ಳಿ. ಅಲ್ಲಿನ ವಿದ್ಯುತ್ ಬೇರೆ. ಬದಲಿಸದಿದ್ದರೆ ಅಂಗಡಿ ದೀಪಗಳೆಲ್ಲ ಮಿಣುಕುತ್ತವೆ.

ಮಂಡ್ಯದ ಕಬ್ಬು
ಅಕ್ಕ, ಬೃಂದಾವನಕ್ಕೆ ಬರುವುದಾದರೆ ಭಾನುವಾರ ಬೇಡ, ಜನ ಜಾತ್ರೆ. ವಾರದ ನಡುವೆ ಬನ್ನಿ. ಭಾನುವಾರ ಅರಮನೆಗೆ ಮೀಸಲಿಡಿ, ಸರಸ್ವತಿಪುರದವರಿಗೂ ಸಮಾಧಾನವಾಗಲಿ.

ಕುವೆಂಪುನಗರದಾಕೆ
ಹಾಗೇ ಮಾಡುತ್ತೇನೆ. ಯಜಮಾನರಿಗೆ ಈ ಪುಟ ಓದಿಸಿದೆ. ಬೆನ್ನುಚೀಲದಲ್ಲಿ ಹಿಡಿಯುವ ಟ್ರೈಪಾಡ್ ಆದರೆ ತಾವೇ ಹೊರುತ್ತಾರಂತೆ. ಹಾಗಾದರೆ ಮಡಚಿದಾಗ ಒಂದೂವರೆ ಅಡಿ ಮೀರದ್ದು, ಡಿಎಸ್‌ಎಲ್‌ಆರ್ ಭಾರಕ್ಕೆ ತಲೆಬಾಗದ್ದು ಮೈಸೂರಿನಲ್ಲಿ ಎಲ್ಲಿ ಸಿಗುತ್ತದೆ? ಆನ್‌ಲೈನ್‌ನಲ್ಲಿ ತರಿಸಿದ ಒಂದರ ಕಾಲಿನ ತಿರುಪು ಮೊದಲ ದಿನವೇ ಸಡಿಲವಾಯಿತು, ವಾಪಸ್ ಕಳಿಸಿದೆ.

ಜೇಬಿನ ಕ್ಯಾಮೆರಾ
ನನ್ನ ಬಳಿ ಒಂದು ಇದೆ, ಗಟ್ಟಿಯಾಗಿದೆ. ಮೊಬೈಲಿಗೆ ಬಂದ ಮೇಲೆ ಅಟ್ಟ ಸೇರಿದೆ, ತೆಗೆದುಕೊಂಡು ಹೋಗಿ.

ಬಲ್ಬ್ ಮೋಡ್
ಅಟ್ಟದಲ್ಲಿ ಟ್ರೈಪಾಡ್ ಇಟ್ಟುಕೊಂಡು ಇಷ್ಟು ಹೊತ್ತು ವಾದ ಮಾಡಿದಿರಾ?